ಪ್ರತಿಕ್ರಿಯೆ: ಬೆಂಗಳೂರಿನ ವಾರ್ಡ್ ಅಂಕಿಗಳು 2001 ಮತ್ತು 2011ರ ನಡುವೆ ತಾಳೆಯಾಗದಿರುವುದು

ಪ್ರಬಂಧಕ್ಕಾಗಿ 2001 ಮತ್ತು 2011ರ ಜನಗಣತಿ ಹೋಲಿಸಿದಾಗ ನಿಮ್ಮ ವಾರ್ಡ್‌ನ ಜನಸಂಖ್ಯೆ ಹತ್ತು ವರ್ಷದಲ್ಲಿ ಅರ್ಧಕ್ಕಿಳಿದಂತೆ ಕಾಣುತ್ತಿದೆ ಎಂದಿದ್ದೀರಿ. ಜನ ಊರು ಬಿಟ್ಟದ್ದಲ್ಲ, ಬಹುಪಾಲು ಗಡಿ ಬದಲಾಗಿರುವುದೇ ಕಾರಣ. 2001ರಲ್ಲಿ ಪಾಲಿಕೆಗೆ 100 ವಾರ್ಡ್; 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು; 2011ರ ಗಣತಿ ನಡೆದದ್ದು 198 ವಾರ್ಡ್‌ಗಳಲ್ಲಿ. ವಾರ್ಡ್‌ನ ಕ್ರಮಸಂಖ್ಯೆಯನ್ನಂತೂ ನಂಬಲೇಬೇಡಿ, ಹೆಸರು ಒಂದೇ ಇದ್ದರೂ ಪ್ರದೇಶ ಬೇರೆ ಇರಬಹುದು.

ಮೊದಲು ಎರಡೂ ವರ್ಷದ ವಾರ್ಡ್ ನಕ್ಷೆಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದರ ಮೇಲೊಂದು ಹಾಕಿ. ಅಕ್ಕಪಕ್ಕದ ವಾರ್ಡ್‌ಗಳನ್ನು ಕೂಡಿಸುತ್ತಾ ಹೋಗಿ, ಹೊರಗಡಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗುವ ಗುಂಪು ಸಿಕ್ಕಾಗ ಅದನ್ನೇ ಅಧ್ಯಯನದ ಘಟಕ ಮಾಡಿಕೊಳ್ಳಿ. ಮಹದೇವಪುರ, ಬೊಮ್ಮನಹಳ್ಳಿ ಕಡೆಯದಾದರೆ 2001ರ ಅಂಕಿ ಬೆಂಗಳೂರಿನ ಪಟ್ಟಿಯಲ್ಲಿರುವುದಿಲ್ಲ. ಆಗ ಅವು ಪ್ರತ್ಯೇಕ ಪಟ್ಟಣಗಳು, ಆ ಹೆಸರಲ್ಲೇ ಹುಡುಕಿ.

ವಾರ್ಡನ್ನು ಒಡೆಯಲೇಬೇಕಾಗಿ ಬಂದರೆ ವಿಸ್ತೀರ್ಣದ ಪ್ರಮಾಣದಲ್ಲಿ ಜನಸಂಖ್ಯೆ ಹಂಚಬಹುದು. ಆದರೆ ಜನ ಎಲ್ಲೆಡೆ ಸಮನಾಗಿದ್ದಾರೆಂಬ ಊಹೆ ಅದರಲ್ಲಿದೆ. ಕೆರೆ, ಸೇನಾ ಜಾಗ, ಕಾರ್ಖಾನೆ ಇದ್ದಲ್ಲಿ ಲೆಕ್ಕ ಕೆಡುತ್ತದೆ, ಆ ಜಾಗಗಳ ವಿಸ್ತೀರ್ಣವನ್ನು ಮೊದಲೇ ಕಳೆಯಿರಿ. ಇಷ್ಟಾದರೂ ಸಿಗುವುದು ಅಂದಾಜೇ, ಪ್ರಬಂಧದಲ್ಲಿ ಹಾಗೆಂದೇ ಬರೆಯಿರಿ.

ಆಮೇಲೆ ಸಂಖ್ಯೆ ಬಿಟ್ಟು ಶೇಕಡಾವಾರು ಹೋಲಿಸಿ: ಪರಿಶಿಷ್ಟರ ಪಾಲು, ದುಡಿಯುವ ಮಹಿಳೆಯರ ಪಾಲು, ಸಾಕ್ಷರತೆ. ಸಾಕ್ಷರತೆಗೆ ಒಟ್ಟು ಜನಸಂಖ್ಯೆಯಿಂದ ಭಾಗಿಸಬೇಡಿ. 0–6 ವಯಸ್ಸಿನ ಮಕ್ಕಳನ್ನು ಕಳೆದು ಭಾಗಿಸಿ. ಮಾರ್ಗದರ್ಶಕರು ಮೊದಲು ಹಿಡಿಯುವ ತಪ್ಪು ಇದೇ.

2011ರ ನಂತರದ ಬದಲಾವಣೆಗೆ ಈ ಎರಡು ಗಣತಿ ಸಾಲದು. ಒಂದೆರಡು ಬೀದಿ ಆಯ್ದು ಮನೆಮನೆ ಸಮೀಕ್ಷೆ ಮಾಡಿ. ‘ಈ ಮನೆಗೆ ಯಾವಾಗ ಬಂದಿರಿ, ಮುಂಚೆ ಎಲ್ಲಿದ್ದಿರಿ’ ಎಂಬ ಎರಡು ಪ್ರಶ್ನೆ ತಪ್ಪದೆ ಇರಲಿ.