ಜೀನ್ ಪರೀಕ್ಷೆಗೆ ಹೋಗುವ ಮಜ್ಜೆ: ತೆಗೆಯುವಾಗಲೇ ಎಚ್ಚರ ಬೇಕು

ಪ್ರಶ್ನೆ: 6 ವರ್ಷದ ಮಗಳಿಗೆ ಬಿ-ಎಎಲ್‌ಎಲ್ ರಕ್ತ ಕ್ಯಾನ್ಸರ್ ಎಂದಿದ್ದಾರೆ. ಬಿಳಿ ರಕ್ತಕಣ 62,000 ಇದೆ. ಮಜ್ಜೆ ತೆಗೆದು ಜೀನ್ ಎಕ್ಸ್‌ಪ್ರೆಶನ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಬೇಕಂತೆ. ವಾಸಿಯಾಗುತ್ತದೋ ಇಲ್ಲವೋ ಅದರಲ್ಲಿ ತಿಳಿಯುತ್ತದೆಯೇ? ರಿಪೋರ್ಟ್ ಬರುವವರೆಗೆ ಚಿಕಿತ್ಸೆ ತಡೆಯಬೇಕೇ?
– ಓದುಗರು, ದಾವಣಗೆರೆ

ಉತ್ತರ: ಚಿಕಿತ್ಸೆ ಖಂಡಿತ ತಡೆಯಬೇಡಿ. ಮಜ್ಜೆ ತೆಗೆದಾದ ಮೇಲೆ ಸ್ಟೀರಾಯ್ಡ್ ಶುರುವಾಗಲಿ, ಅಷ್ಟೇ. ಮೊದಲೇ ಕೊಟ್ಟರೆ ಕ್ಯಾನ್ಸರ್ ಕಣಗಳು ಬೇಗ ಸಾಯುತ್ತವೆ, ಪರೀಕ್ಷೆಗೆ ಸಾಕಷ್ಟು ಸಿಗುವುದಿಲ್ಲ.

ಬಿಳಿ ರಕ್ತಕಣ 50,000 ದಾಟಿರುವುದರಿಂದ ಮಗು ಈಗಾಗಲೇ ಹೆಚ್ಚು ಅಪಾಯದ ಗುಂಪಿನಲ್ಲಿದೆ. ಯಾವ ಜೀನ್ ಎಷ್ಟು ಚುರುಕಾಗಿದೆ ಎಂಬುದನ್ನು ಆರ್‌ಎನ್‌ಎ ಅಳೆದು ಹೇಳುವುದು ಈ ಪರೀಕ್ಷೆ. ಫಿಲಡೆಲ್ಫಿಯಾ ಕ್ರೋಮೋಸೋಮ್ (9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಆದದ್ದು) ಇಲ್ಲದಿದ್ದರೂ ಅದಿರುವವರದ್ದೇ ಜೀನ್ ನಮೂನೆ ತೋರುವ ಒಂದು ಗುಂಪು 2009ರಲ್ಲಿ ಬೆಳಕಿಗೆ ಬಂತು. ಮಾಮೂಲಿ ಕ್ರೋಮೋಸೋಮ್ ಪರೀಕ್ಷೆಗೆ ಇದು ಸಿಗುವುದಿಲ್ಲ. ಈ ಗುಂಪಿನಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ನಿಜ, ಆದರೆ ಕೆಲವರಲ್ಲಿ ಎಬಿಎಲ್ ಜಾತಿಯ ಜೀನ್ ಬೆಸುಗೆ (ಎರಡು ಜೀನ್ ಅಂಟಿ ಒಂದಾಗಿರುವುದು) ಇರುತ್ತದೆ, ಅವರಿಗೆ ಇಮ್ಯಾಟಿನಿಬ್ ಅಥವಾ ಡಸಾಟಿನಿಬ್ ಮಾತ್ರೆ ಸೇರಿಸಬಹುದು. ಪರೀಕ್ಷೆ ಮಾಡಿಸಬೇಕಾದದ್ದು ಇದಕ್ಕೇ. ಇದು ಹಣೆಬರಹದ ರಿಪೋರ್ಟ್ ಅಲ್ಲ.

ರಿಪೋರ್ಟ್ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. ಆರ್‌ಎನ್‌ಎ ಬಲು ಬೇಗ ಒಡೆಯುವ ವಸ್ತು. ಮಜ್ಜೆಯನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ಹಾಕಿ, ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಕ್ರೋಮೋಸೋಮ್ ಪರೀಕ್ಷೆಗೆ ಸರಿ, ಇಲ್ಲಿ ಬೇಡ: ಲ್ಯಾಬಿನಲ್ಲಿ ಜೀನ್ ತುಣುಕುಗಳನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಕ್ರಿಯೆಗೆ ಹೆಪಾರಿನ್ ಅಡ್ಡಿಯಾಗುತ್ತದೆ. ಟ್ಯೂಬಿಗೆ ಬಟ್ಟೆ ಸುತ್ತಿ ಐಸ್ ಪ್ಯಾಕ್ ನಡುವೆ ಇಡಿ. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಕಣಗಳು ಒಡೆದುಹೋಗುತ್ತವೆ. ಸೋಮವಾರದಿಂದ ಗುರುವಾರದೊಳಗೆ ತೆಗೆಸುವುದು ಒಳ್ಳೆಯದು. ದಾವಣಗೆರೆಯಿಂದ ರಾತ್ರಿ ಹೊರಟರೆ ಬೆಳಗ್ಗೆ ಲ್ಯಾಬ್ ತಲುಪುತ್ತದೆ. ಶನಿವಾರ ಸಂಜೆ ತೆಗೆದದ್ದು ಸೋಮವಾರದವರೆಗೆ ಕೊರಿಯರ್ ಕಚೇರಿಯಲ್ಲೇ ಕೂತರೆ ಮಗುವಿಗೆ ಮತ್ತೆ ಸೂಜಿ ಚುಚ್ಚಬೇಕಾದೀತು.

ಇನ್ನು ವಾಸಿಯಾಗುವ ಮಾತು. ಜೀನ್ ನಮೂನೆಗಿಂತ ಗಟ್ಟಿ ಸುಳಿವು ಕೊಡುವುದು ಚಿಕಿತ್ಸೆಯ ಮೊದಲ ಹಂತದ ಕೊನೆಗೆ, ಸುಮಾರು 29ನೇ ದಿನ ಮಾಡುವ ಎಂಆರ್‌ಡಿ ಪರೀಕ್ಷೆ, ಅಂದರೆ ಮಜ್ಜೆಯಲ್ಲಿ ಇನ್ನೂ ಉಳಿದ ಕ್ಯಾನ್ಸರ್ ಕಣಗಳ ಲೆಕ್ಕ. ಉಳಿದ ಕ್ಯಾನ್ಸರ್ ಕಣ 0.01 ಶೇಕಡಕ್ಕಿಂತ, ಅಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ, ಕಡಿಮೆಯಿದ್ದರೆ ಧೈರ್ಯ ತಂದುಕೊಳ್ಳಬಹುದು. ಹೆಚ್ಚಿದ್ದರೆ ಚಿಕಿತ್ಸೆ ಬಿಗಿ ಮಾಡುತ್ತಾರೆ. ಅಂದು ಸಿರಿಂಜಿಗೆ ಮೊದಲು ಎಳೆದ ಮಜ್ಜೆಯೇ ಎಂಆರ್‌ಡಿಗೆ ಹೋಗಲಿ ಎಂದು ಈಗಲೇ ಡಾಕ್ಟರಿಗೆ ಹೇಳಿಡಿ. ಆಮೇಲೆ ಎಳೆದದ್ದರಲ್ಲಿ ರಕ್ತ ಬೆರೆತು, ಕಾಯಿಲೆ ಇದ್ದರೂ ಇಲ್ಲವೆಂದು ತೋರಬಹುದು.