ಡಾಕ್ಟರ್ ಅಲ್ಲದವರು ಆಂಬುಲೆನ್ಸ್ ಸೇವೆಗೆ ಸ್ವಯಂಸೇವಕರಾಗಬಹುದಾ?

ಇಂಗ್ಲೆಂಡಿನಲ್ಲಿ ಖಂಡಿತ ಆಗಬಹುದು. ಅಲ್ಲಿ ಇಂಥವರನ್ನು ಕಮ್ಯುನಿಟಿ ಫಸ್ಟ್ ರೆಸ್ಪಾಂಡರ್ ಅಂತಾರೆ. ಸಂಬಳ ಇಲ್ಲ. ವಯಸ್ಸು 18 ತುಂಬಿರಬೇಕು. ತರಬೇತಿಯನ್ನು ಆಂಬುಲೆನ್ಸ್ ಟ್ರಸ್ಟೇ, ಅಂದರೆ ಆ ಭಾಗದ ಆಂಬುಲೆನ್ಸ್ ಸೇವೆ ನಡೆಸುವ ಸರ್ಕಾರಿ ಸಂಸ್ಥೆಯೇ, ಕೊಡುತ್ತದೆ.

ಯಾರೋ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ, ಅಪ್ಪ ಕುಸಿದುಬಿದ್ದರು ಅಂದರೆ ಆಂಬುಲೆನ್ಸ್ ಹೊರಡುತ್ತದೆ. ಜೊತೆಗೆ ಹತ್ತಿರದ ರೆಸ್ಪಾಂಡರಿಗೂ ಕರೆ ಹೋಗುತ್ತದೆ. ಒಲೆ ಆರಿಸಿ, ಕಿಟ್ ಎತ್ತಿಕೊಂಡು ಹೊರಡಬೇಕು. ಹೆಚ್ಚಿನವರದು ಸ್ವಂತ ಕಾರು, ಸೈರನ್ ಇರುವುದಿಲ್ಲ. ಹಾಗಾಗಿ ಕೆಂಪು ಸಿಗ್ನಲ್ಲಿಗೆ ನಿಲ್ಲಲೇಬೇಕು. ಅದೇ ತುಂಬ ಕಷ್ಟದ ಹೊತ್ತು, ಅಲ್ವಾ?

ಹೃದಯ ನಿಂತಿದ್ದರೆ ಎದೆಯ ನಡುವೆ ಅಂಗೈ ಊರಿ, 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರವಾದ ಡಿಫಿಬ್ರಿಲೇಟರಿನ ಪ್ಯಾಡ್ ಕೂಡಲೇ ಎದೆಗೆ ಅಂಟಿಸಬೇಕು. ಆಂಬುಲೆನ್ಸ್ ದೂರವಿರುವ ಹಳ್ಳಿಗಳಲ್ಲಿ ಇವರ ಅಗತ್ಯ ಜಾಸ್ತಿ. ನೀವು ಅಲ್ಲಿದ್ದರೆ ನಿಮ್ಮ ಭಾಗದ ಟ್ರಸ್ಟಿಗೆ ಅರ್ಜಿ ಹಾಕಿ.