ಓಡಿದವನನ್ನು ಹಾಗೇ ಬಿಟ್ಟುಬಿಡುವುದೆ?

ಓದುಗರ ಪತ್ರ: ಹೆಲ್ಮೆಟ್ ಇಲ್ಲದವನು ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ ಎಂದು ಪೊಲೀಸರಿಗೆ ಮೇಲಿನಿಂದಲೇ ಸೂಚನೆ ಇದೆಯಂತೆ. ಹಾಗಾದರೆ ನಿಲ್ಲಿಸಿದವನಿಗೆ ದಂಡ, ಓಡಿದವನಿಗೆ ಬಹುಮಾನ ಎಂದಾಯಿತಲ್ಲ? ನಾಳೆ ಸರಗಳ್ಳನೂ ಇದನ್ನೇ ಕಲಿಯುತ್ತಾನೆ. ನಮ್ಮ ಬಡಾವಣೆಯಲ್ಲಿ ದಿನಾ ಸಂಜೆ ವೀಲಿಂಗ್ ಮಾಡುವ ಹುಡುಗರನ್ನು ಹಿಡಿಯುವವರು ಯಾರು? ದಯವಿಟ್ಟು ವಿವರವಾಗಿ ಉತ್ತರಿಸಿ. — ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಹೆಲ್ಮೆಟ್ ಇಲ್ಲದವನು, ಸರಗಳ್ಳ, ವೀಲಿಂಗ್ ಹುಡುಗ ಈ ಮೂವರಿಗೂ ಒಂದೇ ನಿಯಮ ಹೊಂದುವುದಿಲ್ಲ. ಬೆನ್ನಟ್ಟಬೇಕೆ ಬೇಡವೆ ಎಂಬುದನ್ನು ಅವನು ಓಡಿದ ಎಂಬುದರ ಮೇಲೆ ತೀರ್ಮಾನಿಸಬಾರದು, ಓಡುವ ಮುಂಚೆ ಏನು ಮಾಡಿದ್ದ ಎಂಬುದರ ಮೇಲೆ ತೀರ್ಮಾನಿಸಬೇಕು.

ಮೊದಲು ಆ ಸೂಚನೆಯ ವಿಚಾರ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ್ದ ಮೂರು ವರ್ಷದ ಮಗುವನ್ನು ಹೆತ್ತವರು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ ಸಂಚಾರ ಪೊಲೀಸರು ಹೆಲ್ಮೆಟ್ ತಪಾಸಣೆಗೆಂದು ಅಡ್ಡಗಟ್ಟಿದರು. ಆಯತಪ್ಪಿ ರಸ್ತೆಗೆ ಬಿದ್ದ ಮಗುವಿನ ಮೇಲೆ ವಾಹನ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಇದಾದ ಬಳಿಕ ರಾಜ್ಯ ಪೊಲೀಸ್ ಮಹಾನಿರ್ದೇಶಕರು ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ವಾಹನ ನಿಲ್ಲಿಸಬಾರದು, ದಿಢೀರನೆ ಎದುರಿಗೆ ನುಗ್ಗಬಾರದು, ಕೀ ಕಿತ್ತುಕೊಳ್ಳಬಾರದು, ಹಿಂಬದಿ ಸವಾರರನ್ನು ಹಿಡಿದೆಳೆಯಬಾರದು, ವೇಗವಾಗಿ ಹೋದವರ ಬೆನ್ನು ಹತ್ತದೆ ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬುದು ಅದರ ಸಾರ. ಗಮನಿಸಿ: ಮಂಡ್ಯದ್ದು ಬೆನ್ನಟ್ಟಿದ ಪ್ರಕರಣವಲ್ಲ, ಅಡ್ಡಗಟ್ಟಿದ ಪ್ರಕರಣ. ಜೀವ ಹೋಗಲು ಚೇಸ್ ಕೂಡ ಬೇಕಾಗಲಿಲ್ಲ.

ಇದು ನಮ್ಮ ರಾಜ್ಯವೊಂದರ ಕಥೆಯೂ ಅಲ್ಲ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿ ಬಳಿ ಹೆಲ್ಮೆಟ್ ಇಲ್ಲದ ದಂಪತಿಯನ್ನು ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಬೈಕಿಗೆ ಒದ್ದರು. ಹಿಂದೆ ಕೂತಿದ್ದ ಮಹಿಳೆ ಸತ್ತರು. 2019ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇಂಥದೇ ಪ್ರಕರಣವೊಂದರಲ್ಲಿ, ಹೆಲ್ಮೆಟ್ ಹಾಕದವರನ್ನು ಅಟ್ಟಿಸಿಕೊಂಡು ಹೋಗುವಂತಿಲ್ಲ, ರಸ್ತೆ ಮಧ್ಯಕ್ಕೆ ನುಗ್ಗಿ ತಡೆಯುವಂತಿಲ್ಲ, ಕ್ಯಾಮೆರಾ ಮತ್ತು ವೈರ್‌ಲೆಸ್ ಬಳಸಿ ಎಂದು ಸ್ಪಷ್ಟವಾಗಿ ಹೇಳಿತು. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದ್ದಕ್ಕೆ ದಂಡ 500 ರೂಪಾಯಿ. ಆ ಮೊತ್ತಕ್ಕಾಗಿ ದಾರಿಹೋಕರನ್ನೂ ಸೇರಿಸಿ ಎಷ್ಟು ಜನರ ಜೀವ ಪಣಕ್ಕಿಡುತ್ತೇವೆ ಎಂಬುದೇ ಇಲ್ಲಿನ ಲೆಕ್ಕ.

ಆ ಲೆಕ್ಕವನ್ನು ಮೀಟರಿನಲ್ಲೂ ಮಾಡಬಹುದು. 60 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ ಆಗಲೇ 25 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ನಿಲ್ಲಲು ಇನ್ನೊಂದು 20 ಮೀಟರ್ ಬೇಕು. 100 ಕಿ.ಮೀ. ವೇಗದಲ್ಲಿ ಒಟ್ಟು ದೂರ 100 ಮೀಟರಿನ ಹತ್ತಿರ ಬರುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ 140 ಮೀಟರ್ ದಾಟಬಹುದು. ಇನ್ನು ಓಡುವ ಬೈಕ್ ಸವಾರನನ್ನು ನೋಡಿ. ಅವನ ಕಣ್ಣು ಮುಂದಿನ ರಸ್ತೆಯಲ್ಲಿ ಇರುವುದಿಲ್ಲ, ಕನ್ನಡಿಯಲ್ಲಿ ಇರುತ್ತದೆ, ಇಲ್ಲವೇ ಕತ್ತು ಹಿಂದಕ್ಕೆ ತಿರುಗಿರುತ್ತದೆ. ಒಂದು ಸೆಕೆಂಡ್ ತಿರುಗಿ ನೋಡಿದರೆ 17 ಮೀಟರ್ ಕುರುಡಾಗಿ ಓಡಿಸಿದಂತೆ. ಅಷ್ಟರಲ್ಲಿ ಒಂದು ಹಂಪ್, ರಸ್ತೆ ಅಂಚಿನ ಮರಳು, ಅಡ್ಡ ಬಂದ ಹಸು ಯಾವುದಿದ್ದರೂ ಸಾಕು. ಹಿಂದೆ ಬರುವ ಪೊಲೀಸ್ ಚಾಲಕನ ಸ್ಥಿತಿಯೂ ಬೇರೆಯಲ್ಲ. ಅವರ ನೋಟ ಮುಂದಿನ ವಾಹನದ ಮೇಲೇ ನೆಟ್ಟಿರುತ್ತದೆ, ಪಕ್ಕದ ಅಡ್ಡರಸ್ತೆ ಕಾಣುವುದಿಲ್ಲ. ಗಾಜು ಏರಿಸಿ ಹಾಡು ಹಾಕಿಕೊಂಡ ಕಾರಿನವರಿಗೆ ಸೈರನ್ ಕೇಳುವ ಹೊತ್ತಿಗೆ ಜೀಪು ಮೈಮೇಲೆ ಬಂದಿರುತ್ತದೆ.

ಅಮೆರಿಕದಲ್ಲಿ ಈ ವಿಷಯ ಸುಪ್ರೀಂ ಕೋರ್ಟಿನವರೆಗೆ ಹಲವು ಸಲ ಹೋಗಿದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಬೈಕೊಂದನ್ನು ಬೆನ್ನಟ್ಟಿದ್ದು ಬರೀ 75 ಸೆಕೆಂಡ್, ಸುಮಾರು ಎರಡು ಕಿ.ಮೀ. ಬೈಕ್ ಉರುಳಿತು, ಹಿಂದಿದ್ದ ಪೊಲೀಸ್ ಕಾರು ನಿಲ್ಲದೆ ಗುದ್ದಿತು, ಹಿಂಬದಿ ಕೂತಿದ್ದ 16ರ ಹುಡುಗ ಸತ್ತ. ಬೇಕೆಂದೇ ಹಾನಿ ಮಾಡುವ ಉದ್ದೇಶ ಇರದಿದ್ದರೆ ಸಂವಿಧಾನದ ಉಲ್ಲಂಘನೆಯಾಗದು ಎಂದು 1998ರಲ್ಲಿ ಕೋರ್ಟ್ ಪೊಲೀಸರ ಪರವಾಗಿಯೇ ತೀರ್ಪಿತ್ತಿತು. 2007ರ ಜಾರ್ಜಿಯಾ ಪ್ರಕರಣ ಶುರುವಾದದ್ದು 55 ಮೈಲಿ ಮಿತಿಯ ಕಡೆ 73 ಮೈಲಿ ವೇಗದಲ್ಲಿ ಹೋದದ್ದಕ್ಕೆ. ಪೊಲೀಸರು ಹಿಂದಿನಿಂದ ಬಂಪರ್‌ಗೆ ಗುದ್ದಿದಾಗ 19ರ ಯುವಕನ ಕೈಕಾಲುಗಳ ಸ್ವಾಧೀನ ಶಾಶ್ವತವಾಗಿ ಹೋಯಿತು. ಅಲ್ಲೂ ಗೆದ್ದದ್ದು ಪೊಲೀಸರೇ. ಕೋರ್ಟಿನಲ್ಲಿ ಗೆಲ್ಲುತ್ತಿದ್ದ ಪೊಲೀಸರೇ ಆಮೇಲೆ ಹಲವು ಕಡೆ ತಮ್ಮ ನಿಯಮವನ್ನು ಬಿಗಿ ಮಾಡಿಕೊಂಡರು ಎಂಬುದು ಮುಖ್ಯ. ಅಲ್ಲಿನ ಪೊಲೀಸ್ ಮುಖ್ಯಸ್ಥರ ಸಂಶೋಧನಾ ವೇದಿಕೆ 2023ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಎರಡು ಷರತ್ತುಗಳಿವೆ: ಹಿಂಸೆಯ ಅಪರಾಧ ನಡೆದಿರಬೇಕು, ಮತ್ತು ಅವನನ್ನು ಬಿಟ್ಟರೆ ಈಗಲೇ ಇನ್ನೊಬ್ಬರಿಗೆ ಅಪಾಯ ಇರಬೇಕು. ಎರಡೂ ಕೂಡಿದರೆ ಮಾತ್ರ ಚೇಸ್.

ನಿಮ್ಮ ಆತಂಕಕ್ಕೂ ಅದೇ ದೇಶದಲ್ಲಿ ಆಧಾರ ಸಿಗುತ್ತದೆ. ಮಿಲ್ವಾಕೀ ನಗರ 2010ರಲ್ಲಿ ನಿಯಮ ಬಿಗಿ ಮಾಡಿತು; ಅಡ್ಡಾದಿಡ್ಡಿ ಓಡುವ ಕಾರುಗಳ ಹಾವಳಿ ಮಿತಿಮೀರಿತೆಂಬ ಒತ್ತಡಕ್ಕೆ 2017ರಲ್ಲಿ ಮತ್ತೆ ಸಡಿಲಿಸಿತು. ಲಂಡನ್‌ನಲ್ಲಿ ಸ್ಕೂಟರ್ ಮೇಲೆ ಬಂದು ಮೊಬೈಲ್ ಕಸಿಯುವವರು ಹೆಚ್ಚಿದಾಗ, ತರಬೇತಾದ ಚಾಲಕರಿಗೆ ಸ್ಕೂಟರಿಗೆ ಕಾರು ತಾಗಿಸಿ ಕೆಡವುವ ಅನುಮತಿಯೂ ಇತ್ತು. ನಾವು ಅಲ್ಲಿಂದ ಕಲಿಯಬೇಕಾದದ್ದು ಕೆಡವುವ ವಿದ್ಯೆಯನ್ನಲ್ಲ, ಅದರ ಹಿಂದಿನ ಶಿಸ್ತನ್ನು. ಬ್ರಿಟನ್‌ನಲ್ಲಿ ಬೆನ್ನಟ್ಟಲು ಪ್ರತ್ಯೇಕ ತರಬೇತಿ ಬೇಕು, ಕಂಟ್ರೋಲ್ ರೂಮಿನಲ್ಲಿ ಕೂತ ಅಧಿಕಾರಿ ಸಾಕು ಎಂದರೆ ನಿಲ್ಲಿಸಬೇಕು. ತೀರ್ಮಾನ ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಇರಬಾರದು, ಏಕೆಂದರೆ ಅವರ ರಕ್ತ ಆಗ ಕುದಿಯುತ್ತಿರುತ್ತದೆ.

ಸರಗಳ್ಳನ ವಿಷಯಕ್ಕೆ ಬರೋಣ. ಅವನ ಬೈಕ್ ಬಹುಪಾಲು ಕದ್ದದ್ದು, ಇಲ್ಲವೇ ನಂಬರ್ ಪ್ಲೇಟ್ ನಕಲಿ. ನಂಬರ್ ಬರೆದುಕೊಂಡು ಬಿಟ್ಟರೆ ಸಾಲದು, ನಿಜ. ಅವನ ಹಿಂದೆ ಹೋಗಬಹುದು, ಆದರೆ ಗುದ್ದುವುದಕ್ಕಲ್ಲ, ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದಕ್ಕೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಬಂಧನಕ್ಕೆ ಅಗತ್ಯ ಬಲ ಬಳಸಲು ಒಪ್ಪುತ್ತದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದವನ ಜೀವ ತೆಗೆಯುವ ಹಕ್ಕನ್ನು ಕೊಡುವುದಿಲ್ಲ. ಸರ ಕಸಿಯುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಗರಿಷ್ಠ ಮೂರು ವರ್ಷ. ಆದ್ದರಿಂದ ಕೆಲಸ ಆಗಬೇಕಾದದ್ದು ವೈರ್‌ಲೆಸ್‌ನಲ್ಲಿ. ಮೊದಲು ಈಗ ಎಲ್ಲಿದ್ದಾನೆ, ಯಾವ ದಿಕ್ಕಿಗೆ ಹೋಗುತ್ತಿದ್ದಾನೆ ಎಂಬುದು. ಆಮೇಲೆ ಬೈಕಿನ ಮಾದರಿ, ಬಣ್ಣ, ಎಷ್ಟು ಜನ, ಬಟ್ಟೆ, ಬ್ಯಾಗ್. ನಂಬರ್ ಕೊನೆಗೆ, ಪೂರ್ತಿ ಕಾಣದಿದ್ದರೆ ಸಿಕ್ಕಷ್ಟು ಅಂಕಿ. ಎಷ್ಟೋ ಸಲ ನಂಬರನ್ನೇ ಮೂರು ಸಲ ಕೂಗುತ್ತ ದಿಕ್ಕು ಹೇಳುವುದೇ ಮರೆತುಹೋಗುತ್ತದೆ, ಮುಂದಿನ ಠಾಣೆಯವರು ತಪ್ಪು ರಸ್ತೆಯಲ್ಲಿ ನಾಕಾಬಂದಿ ಹಾಕಿ ಕಾಯುತ್ತಾರೆ.

ನಾಕಾಬಂದಿ ಹಾಕುವುದಕ್ಕೂ ಜಾಗ ನೋಡಬೇಕು. ತಿರುವಿನ ಆಚೆ, ಫ್ಲೈಓವರ್ ಇಳಿಜಾರಿನ ಬುಡದಲ್ಲಿ, ಮರದ ನೆರಳಿನ ಕತ್ತಲಲ್ಲಿ ಬ್ಯಾರಿಕೇಡ್ ಇಟ್ಟರೆ ಕಳ್ಳನಿಗಿಂತ ಮೊದಲು ಹಾಲಿನ ಗಾಡಿ ಬಂದು ಬಡಿಯುತ್ತದೆ. ವಾಹನಗಳು ತಾವಾಗಿಯೇ ನಿಧಾನಿಸುವ ಹಂಪ್, ಟೋಲ್, ಸಿಗ್ನಲ್ ಹತ್ತಿರ ನಿಲ್ಲಬೇಕು. ನೂರು ಮೀಟರ್ ಮುಂಚೆಯೇ ಒಬ್ಬರು ಪ್ರತಿಫಲಿಸುವ ಜಾಕೆಟ್ ತೊಟ್ಟು, ಕೆಂಪು ಬ್ಯಾಟನ್ ಹಿಡಿದು ರಸ್ತೆ ಅಂಚಿನಲ್ಲಿರಬೇಕು. ನಿಂತ ಲಾರಿಯ ಮರೆಯಿಂದ ಚಂಗನೆ ಹಾರಿ ಬರುವ ಅಭ್ಯಾಸ ಸಂಪೂರ್ಣ ಬಿಡಬೇಕು. ಅದರಲ್ಲಿ ಪೊಲೀಸರೂ ಸಾಯುತ್ತಾರೆ.

ಇನ್ನು ಹೆಲ್ಮೆಟ್ ಇಲ್ಲದೆ ಓಡಿದವನು. ಅವನನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನ ಪ್ರಕಾರ, ಆ ಹೊತ್ತಿನಲ್ಲಿ ಗಾಡಿ ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು. ಸ್ವಲ್ಪ ವಿಚಾರಿಸಿದರೆ ಗೊತ್ತಾಗುವುದನ್ನೂ ವಿಚಾರಿಸಿ ಹೇಳಬೇಕು. ಹೇಳದಿದ್ದರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, 5,000 ರೂಪಾಯಿ ದಂಡ, ಅಥವಾ ಎರಡೂ. ಪೊಲೀಸರ ಆದೇಶ ಧಿಕ್ಕರಿಸಿದ್ದಕ್ಕೆ 179ನೇ ಕಲಮು ಬೇರೆ ಇದೆ. ಹಾಗಾಗಿ ಓಡಿದವನ ಲೆಕ್ಕ ನಿಂತವನದಕ್ಕಿಂತ ದುಬಾರಿಯಾಗಬೇಕು. ಹಾಗೆ ಆಗದಿರುವುದು ಚೇಸ್ ಬೇಡವೆಂದದ್ದರಿಂದಲ್ಲ, ಬರೆದುಕೊಂಡ ನಂಬರ್ ಪುಸ್ತಕದಲ್ಲೇ ಉಳಿದು ನೋಟಿಸ್ ಮನೆಗೆ ಹೋಗದೆ ಇರುವುದರಿಂದ. ನಮ್ಮ ತಕರಾರು ಇರುವುದು ಇಲ್ಲಿ, ನಿಮ್ಮದೂ ಇಲ್ಲೇ ಇರಲಿ ಎಂದು ಕೋರುತ್ತೇವೆ.

ನಿಮ್ಮ ಬಡಾವಣೆಯ ಹುಡುಗರನ್ನಂತೂ ಯಾವ ಕಾರಣಕ್ಕೂ ನೀವಾಗಿ ಅಡ್ಡಗಟ್ಟಬೇಡಿ, ಸ್ಕೂಟರ್ ಹತ್ತಿ ಹಿಂದೆ ಹೋಗಬೇಡಿ. ಮನೆಯ ಗೇಟಿನೊಳಗಿಂದ, ನಂಬರ್ ಪ್ಲೇಟ್ ಕಾಣುವಂತೆ ಹತ್ತು ಸೆಕೆಂಡಿನ ವಿಡಿಯೊ ಸಾಕು. ದಿನ, ಸಮಯ, ಅಡ್ಡರಸ್ತೆಯ ಹೆಸರು ಬರೆದಿಡಿ. ಆ ಕ್ಷಣಕ್ಕೆ ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ. ಇಲ್ಲವಾದರೆ ನಾಲ್ಕಾರು ದಿನದ ವಿಡಿಯೊ ಸೇರಿಸಿ ಸಂಚಾರ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಓಡಿಸುವವರು 18 ತುಂಬದವರಾಗಿದ್ದರೆ ದೂರಿನಲ್ಲಿ ಮೋಟಾರು ವಾಹನ ಕಾಯ್ದೆಯ 199ಎ ಕಲಮನ್ನು ತಪ್ಪದೆ ನಮೂದಿಸಿ. ಅದರಡಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಎರಡು ವಾರದಲ್ಲಿ ಕ್ರಮ ಆಗದಿದ್ದರೆ ಸ್ವೀಕೃತಿಯ ಪ್ರತಿ ಇಟ್ಟು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಿರಿ, ನಮಗೂ ಒಂದು ಪ್ರತಿ ಕಳಿಸಿ.